ಮಳೆಗಾಲದ ಸಮುದಾಯ ಭವನಕ್ಕೆ ತಾಳಮದ್ದಲೆಯೋ, ವೇಷ ಕಟ್ಟಿದ ಆಟವೋ?

ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಬಳಿಕ ಕರಾವಳಿಯ ತಿರುಗಾಟದ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ಪ್ರದರ್ಶನ ಮುಗಿಸುವುದರಿಂದ, ಮಳೆಗಾಲದಲ್ಲಿ ಯಕ್ಷಗಾನ ಬೇಕೆನ್ನುವ ಹಳ್ಳಿಯವರು ಅದನ್ನು ಸಮುದಾಯ ಭವನದ ಸೂರಿನಡಿಯಲ್ಲೇ ಏರ್ಪಡಿಸಬೇಕಾಗುತ್ತದೆ.

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆಗೆ ಪದ್ಯ ಹಾಡುವ ಭಾಗವತರು, ಚೆಂಡೆ-ಮದ್ದಲೆಯವರು, ಪಾತ್ರಗಳಾಗಿ ಮಾತನಾಡುವ ಕೆಲವು ಅರ್ಥಧಾರಿಗಳು ಮತ್ತು ಒಳ್ಳೆಯ ಮೈಕು ಇದ್ದರೆ ಸಾಕು. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪದ್ಯ ಮುಗಿದೊಡನೆ ಅದರ ಅರ್ಥವನ್ನು ಕುಳಿತಲ್ಲಿಯೇ ಆಶುವಾಗಿ ಬೆಳೆಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವ ಸಂದರ್ಭದಲ್ಲಿ ಇಬ್ಬರು ಸಮರ್ಥರು ಎದುರುಬದುರಾದರೆ ಧರ್ಮದ ಒಂದೇ ಪ್ರಶ್ನೆ ಬಹಳ ಹೊತ್ತು ಸಭೆಯನ್ನು ಹಿಡಿದಿಡುತ್ತದೆ. ಜೋಡಿ ಹೊಂದದಿದ್ದರೆ ಸಭೆ ಚಹಾದತ್ತ ಸರಿಯುತ್ತದೆ. ಆದ್ದರಿಂದ ಪ್ರಸಂಗಕ್ಕಿಂತ (ಆಡುವ ಕಥೆಗಿಂತ) ಮೊದಲು ಅರ್ಥಧಾರಿಗಳನ್ನು ನಿಶ್ಚಯಿಸುವುದು ಲೇಸು. ತಗಡಿನ ಮಾಡಿನ ಮೇಲೆ ಮಳೆ ಸುರಿಯತೊಡಗಿದರೆ ಎಂಥ ವಾದವೂ ಕೇಳಿಸದೆಂಬುದನ್ನು ಮಾತ್ರ ಮರೆಯಬಾರದು.

ವೇಷದ ಆಟಕ್ಕೆ ರಂಗದ ಜೊತೆಗೆ ಚೌಕಿಗೂ, ಅಂದರೆ ವೇಷ ಕಟ್ಟುವ ಜಾಗಕ್ಕೂ, ಪ್ರತ್ಯೇಕ ಕೋಣೆ ಬೇಕು. ರಾಕ್ಷಸ ಪಾತ್ರಗಳ ಬಣ್ಣದ ವೇಷದ ಮುಖವರ್ಣಿಕೆಗೆ ತಾಸುಗಟ್ಟಲೆ ಹಿಡಿಯುವುದರಿಂದ ಭವನವನ್ನು ಮಧ್ಯಾಹ್ನವೇ ಬಿಟ್ಟುಕೊಡಬೇಕು. ಖರ್ಚೂ ಹೆಚ್ಚು. ಆದರೂ ಮಕ್ಕಳನ್ನು ಮತ್ತು ಪುರಾಣದ ಪರಿಚಯವಿಲ್ಲದ ನೆಂಟರನ್ನು ಕೂರಿಸುವ ಶಕ್ತಿ ಅದಕ್ಕಿರುವಷ್ಟು ತಾಳಮದ್ದಲೆಗಿಲ್ಲ.

ಮಾತಿನ ರುಚಿ ಬಲ್ಲ ಹಿರಿಯರೇ ಹೆಚ್ಚಾಗಿ ಸೇರುವ ಊರಿಗೆ ನಾನು ತಾಳಮದ್ದಲೆಯನ್ನೇ ಸೂಚಿಸುತ್ತೇನೆ. ಶಾಲೆಯ ಮಕ್ಕಳೂ ಬರುವುದಾದರೆ ಮೂರು ಗಂಟೆಯ ಕಾಲಮಿತಿಯ ಆಟ ಹೆಚ್ಚು ಸೂಕ್ತ.