ಮೊದಲ ಆರ್‌ಸಿ ಹೆಲಿಕಾಪ್ಟರ್ ಯಾವುದು? ಸೈಮಾ ಎಸ್107ಜಿ ಬಳಸಿದವರ ಮಾತು

ಸೈಮಾ ಎಸ್107ಜಿ ಅನ್ನುವ ಪುಟ್ಟ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಹೆಲಿಕಾಪ್ಟರ್ ನಮ್ಮ ಮನೆಗೆ ಬಂದು ಕೆಲವು ವರ್ಷ ಆಯಿತು, ಇನ್ನೂ ಹಾರುತ್ತಿದೆ. ಹೆಲಿಕಾಪ್ಟರ್ ಹಾರಿಸುವುದನ್ನು ಹೊಸದಾಗಿ ಕಲಿಯುವವರು ಇದನ್ನೋ, ಇಂಥದ್ದೇ ಇನ್ನೊಂದನ್ನೋ ತೆಗೆದುಕೊಳ್ಳಿ ಅಂತಲೇ ನಾನು ಹೇಳುವುದು. ಆದರೆ ಇದು ಪೂರ್ತಿ ಪಾಠ ಕಲಿಸುವುದಿಲ್ಲ.

ಇದು ಕೋಆಕ್ಸಿಯಲ್ ಜಾತಿಯದ್ದು. ಒಂದರ ಮೇಲೊಂದು ಎರಡು ರೋಟರ್ (ತಿರುಗುವ ರೆಕ್ಕೆಗಳ ಜೋಡಿ), ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಹಾಗಾಗಿ ಮೈ ಗಿರಗಿರ ಸುತ್ತುವುದಿಲ್ಲ. ಎರಡರ ವೇಗ ಚೂರು ಹೆಚ್ಚುಕಡಿಮೆಯಾದರೆ ಮೂತಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಬಾಲದ ಪುಟ್ಟ ಫ್ಯಾನ್ ಮಲಗಿಕೊಂಡಿರುತ್ತದೆ. ಅದು ಬಾಲ ಎತ್ತಿದರೆ ಹೆಲಿಕಾಪ್ಟರ್ ಮುಂದಕ್ಕೆ, ತಗ್ಗಿಸಿದರೆ ಹಿಂದಕ್ಕೆ. ತುದಿಯಲ್ಲಿ ತೂಕವಿರುವ ಮೇಲಿನ ಕಡ್ಡಿ ಸಮತೋಲ ನೋಡಿಕೊಳ್ಳುತ್ತದೆ. ಥ್ರಾಟಲ್ (ರೋಟರ್ ವೇಗ ಏರಿಸಿ ಇಳಿಸುವ ರಿಮೋಟ್‌ನ ಸ್ಟಿಕ್) ಹದವಾಗಿ ಹಿಡಿದರೆ ಹಾಲ್ ನಡುವೆ ಸುಮ್ನೆ ನಿಂತುಬಿಡುತ್ತದೆ. ಚಾನೆಲ್ ಅಂದರೆ ರಿಮೋಟ್‌ನಿಂದ ಬೇರೆಬೇರೆಯಾಗಿ ನಿಯಂತ್ರಿಸುವ ಚಲನೆ. ಇದರಲ್ಲಿ ಮೂರೇ ಚಾನೆಲ್, ಪಕ್ಕಕ್ಕೆ ಸರಿಯಲು ಬರುವುದಿಲ್ಲ.

ಇದರಲ್ಲಿ ನಿಜಕ್ಕೂ ಕಲಿಯುವುದು ದಿಕ್ಕು. ಬಾಲ ನಮ್ಮ ಕಡೆ ಇರುವ ತನಕ ಎಲ್ಲ ಸಲೀಸು. ಮೂತಿ ನಮ್ಮ ಕಡೆ ತಿರುಗಿತೋ, ಎಡ ಬಲ ಅದಲುಬದಲು. ಬೆರಳು ಬಲಕ್ಕೆ ಒತ್ತುತ್ತದೆ, ಅದು ನಮ್ಮ ಎಡಕ್ಕೆ ತಿರುಗಿ ಸೀದಾ ಟಿವಿ ಕಡೆ ಹೊರಡುತ್ತದೆ. ಚಾಪೆ ಹಾಸಿ, ಮೊಣಕಾಲೆತ್ತರದಲ್ಲಿ ಮೂತಿ ನಮ್ಮ ಕಡೆ ಇಟ್ಟೇ ನಿಲ್ಲಿಸುವ ಅಭ್ಯಾಸ ಮಾಡಿ. ಗೋಡೆ ಹತ್ತಿರ ಬಂತು ಅನಿಸಿದರೆ ಥ್ರಾಟಲ್ ಪೂರ್ತಿ ಇಳಿಸಿ. ಅಷ್ಟೆತ್ತರದಿಂದ ಬಿದ್ದರೆ ಏನೂ ಆಗಲ್ಲ. ತಿರುಗುತ್ತಿರುವ ರೆಕ್ಕೆ ಗೋಡೆಗೆ ಬಡಿದರೇ ನಷ್ಟ ಜಾಸ್ತಿ.

ಹೊರಗೆ ಹಾರಿಸುವ ಆಸೆ ಬೇಡ. ರಿಮೋಟ್ ಇನ್ಫ್ರಾರೆಡ್, ಬಿಸಿಲಿಗೆ ಸಿಗ್ನಲ್ ಹೋಗುತ್ತದೆ. ಮೈಯೂ ಹಗುರ, ಸಣ್ಣ ಗಾಳಿ ಸಾಕು. ಸೀಲಿಂಗ್ ಫ್ಯಾನ್ ಕೂಡ ಆಫ್ ಇರಬೇಕು. ಬೇಸಿಗೆಯಲ್ಲಿ ಮನೆಯವರು ಇದಕ್ಕೆ ಒಪ್ಪುವುದು ಕಷ್ಟ ಬಿಡಿ.

ಬ್ಯಾಟರಿ 150 ಎಂಎಎಚ್‌ನ ಲಿಪೊ (ಲಿಥಿಯಂ ಪಾಲಿಮರ್). ಮುಕ್ಕಾಲು ಗಂಟೆ ಚಾರ್ಜ್ ಮಾಡಿದರೆ ಏಳೆಂಟು ನಿಮಿಷದ ಹಾರಾಟ. ಇಳಿದ ತಕ್ಷಣ ಚಾರ್ಜಿಗೆ ಹಾಕಬೇಡಿ, ಬಿಸಿ ಆರಲಿ. ಖಾಲಿ ಮಾಡಿ ತಿಂಗಳುಗಟ್ಟಲೆ ಇಡಲೂ ಬೇಡಿ. ಬ್ಯಾಟರಿ ಒಳಗೇ ಬೆಸುಗೆಯಾಗಿರುವುದರಿಂದ ಬದಲಿಸಲು ಸೋಲ್ಡರಿಂಗ್ ಐರನ್ ಬೇಕು.

ಒಂದು ಅಂಗಡಿಯಲ್ಲಿ ನನಗೆ "ಆರು ಚಾನೆಲ್‌ನದ್ದು ತಗೊಳ್ಳಿ, ಫೀಚರ್ ಜಾಸ್ತಿ" ಅಂದರು. ಚಾನೆಲ್ ಜಾಸ್ತಿಯಾದರೆ ಒಳ್ಳೆಯದು ಅಂತ ಲೆಕ್ಕ ಹಾಕಲು ಇದೇನು ಡಿಟಿಎಚ್ ಪ್ಯಾಕೇಜ್ ಅಲ್ವಲ್ಲ! ಆರು ಚಾನೆಲ್‌ನವುಗಳಲ್ಲಿ ಸಾಮಾನ್ಯವಾಗಿ ರೆಕ್ಕೆಯ ಕೋನವೇ ಬದಲಾಗುತ್ತದೆ, ತಲೆಕೆಳಗಾಗಿಯೂ ಹಾರಿಸಬಹುದು. ಹೊಸಬರ ಕೈಗೆ ಅದು ಸಿಕ್ಕರೆ ಮೊದಲ ದಿನವೇ ಬಿಡಿಭಾಗ ಹುಡುಕಬೇಕಾಗುತ್ತದೆ.

ಎಸ್107ಜಿ ಮೂತಿ ಎತ್ತ ತಿರುಗಿದರೂ ಬೆರಳು ತಡವರಿಸದಿದ್ದರೆ ಮುಂದಕ್ಕೆ ಹೋಗಿ. ಮುಂದಿನದು ಒಂದೇ ರೋಟರಿನ, ನಾಲ್ಕು ಚಾನೆಲ್‌ನ, ಡಬ್ಲ್ಯುಎಲ್‌ಟಾಯ್ಸ್ ವಿ911 ತರಹದ್ದು. 2.4 ಗಿಗಾಹರ್ಟ್ಸ್ ರೇಡಿಯೊ, ಬಿಸಿಲಿನ ತಕರಾರಿಲ್ಲ. ಆದರೆ ಅದು ತಾನಾಗಿ ನಿಲ್ಲುವುದಿಲ್ಲ, ಕ್ಷಣಕ್ಷಣವೂ ನಾವೇ ತಿದ್ದುತ್ತಿರಬೇಕು. ಯಾವುದನ್ನೇ ತರಿಸಿ, ಅದರ ಜೊತೆಗೇ ಒಂದು ಸೆಟ್ ರೆಕ್ಕೆಯನ್ನೂ ತರಿಸಿಬಿಡಿ.