ಎಸ್‌ಕ್ಯೂಲೈಟ್: ಹಳೇ ಜರ್ನಲ್ ಮೋಡ್ ಬೇಕಾ, ವಾಲ್ ಮೋಡ್ ಬೇಕಾ?

ಎಸ್‌ಕ್ಯೂಲೈಟ್ (SQLite) ಅಂದ್ರೆ ಇಡೀ ಡೇಟಾಬೇಸನ್ನ ಒಂದು ಫೈಲಲ್ಲಿ ಇಡೋ ಸಾಫ್ಟ್‌ವೇರ್. ಬರೆಯೋವಾಗ ಮಧ್ಯದಲ್ಲಿ ನಿಂತ್ರೂ ಡೇಟಾ ಕೆಡದಂಗೆ ಅದ್ರಲ್ಲಿ ಎರಡು ದಾರಿ: ಜರ್ನಲ್ ಮೋಡ್ (ಹಳೇ ಡೇಟಾನ ಪಕ್ಕದ ಫೈಲಲ್ಲಿ ಎತ್ತಿಟ್ಟು ಬರೆಯೋದು), ವಾಲ್ ಮೋಡ್ (WAL, ಹೊಸ ಬದಲಾವಣೆನ ಮೊದ್ಲು ಪಕ್ಕದ ಫೈಲಿಗೆ ಬರೆಯೋದು). ಜಯನಗರದಲ್ಲಿ ಫ್ರೆಂಡ್ ಅಂಗಡಿಗೆ ಬಿಲ್ಲಿಂಗ್ ಆ್ಯಪ್ ಮಾಡ್ವಾಗ ಎರಡನ್ನೂ ಟೆಸ್ಟ್ ಮಾಡ್ದೆ. ಡೀಫಾಲ್ಟ್ ಜರ್ನಲ್ ಮೋಡಲ್ಲಿ ಒಂದ್ಕಡೆ ಸೆಲೆಕ್ಟ್ (ಡೇಟಾ ಓದೋ ಕಮಾಂಡ್) ಅರ್ಧಕ್ಕೆ ನಿಲ್ಸಿ ಇನ್ನೊಂದ್ಕಡೆ ಬರೆದು ಕಮಿಟ್ (ಬರೆದಿದ್ದನ್ನ ಖಾಯಂ ಮಾಡೋದು) ಕೊಟ್ರೆ 'ಡೇಟಾಬೇಸ್ ಈಸ್ ಲಾಕ್ಡ್' ಅಂತ ಮುಖಕ್ಕೇ ಹೇಳತ್ತೆ, ಯಾಕಂದ್ರೆ ಎಸ್‌ಕ್ಯೂಲೈಟ್‌ನ ಸಿ ಲೈಬ್ರರಿಲಿ ಬಿಸಿ (busy) ಟೈಮ್‌ಔಟ್, ಅಂದ್ರೆ ಲಾಕ್ ಬಿಡೋವರೆಗೆ ಕಾಯೋ ಹೊತ್ತು, ನಾವೇ ಹಾಕ್ದಿದ್ರೆ ಸೊನ್ನೆ, ಪೈಥಾನ್ ಆದ್ರೆ 5 ಸೆಕೆಂಡ್ ಕಾಯತ್ತೆ.

2010ರಲ್ಲಿ 3.7.0 ಜೊತೆ ಬಂದ ವಾಲ್‌ನಲ್ಲಿ ಅದೇ ಟೆಸ್ಟ್ ಸಲೀಸಾಗಿ ಪಾಸ್, ಓದೋರು ಬರೆಯೋರು ಒಬ್ರಿಗೊಬ್ರು ಅಡ್ಡ ಬರಲ್ಲ. ಬರೆಯೋರು ಮಾತ್ರ ಒಂದ್ ಹೊತ್ತಿಗೆ ಒಬ್ರೇ, ಅದು ಬದಲಾಗಿಲ್ಲ. ಕ್ಲೋಸ್ ಮಾಡೋದನ್ನ ಸರಿಯಾಗಿ ನೋಡಿ: ಪಕ್ಕದಲ್ಲಿ ವಾಲ್, ಎಸ್‌ಎಚ್‌ಎಮ್ (ವಾಲ್ ಫೈಲಿನ ಇಂಡೆಕ್ಸ್) ಅಂತ ಎರಡು ಫೈಲ್ ಹುಟ್ಟತ್ತೆ, ಕೊನೇ ಕನೆಕ್ಷನ್ ನೆಟ್ಟಗೆ ಮುಚ್ಚಿದ್ರೆ ಮಾಯ, ಮಧ್ಯದಲ್ಲಿ ಕರೆಂಟ್ ಹೋದ್ರೆ (ನಮ್ಮೂರಲ್ಲಿ ನಾಲ್ಕು ಹನಿ ಮಳೆ ಸಾಕಲ್ಲ) ಹಂಗೇ ಉಳ್ಕೊಳ್ಳತ್ತೆ, ಕಸ ಅಂತ ವಾಲ್ ಡಿಲೀಟ್ ಮಾಡಿದ್ರೆ ಕಮಿಟ್ ಆಗಿರೋ ಬಿಲ್ಲೇ ಹೋಗ್ಬಹುದು, ಸುಮ್ನೆ ಬಿಟ್ರೆ ಮುಂದಿನ ಓಪನ್‌ಗೆ ತಾನೇ ರಿಕವರ್ ಆಗತ್ತೆ. ಜರ್ನಲ್ ಫೈಲಿಗೂ ಇದೇ ಮಾತು, ಮುಟ್ಬೇಡಿ.

ಒಂದೇ ಮಷೀನಲ್ಲಿ ಓಡೋದಾದ್ರೆ ಕಣ್ಮುಚ್ಕೊಂಡು ವಾಲ್ ತಗೊಳ್ಳಿ. ಫೈಲ್ ನೆಟ್‌ವರ್ಕ್ ಶೇರಲ್ಲಿದ್ರೆ ವಾಲ್ ಬೇಡ್ವೇ ಬೇಡ, ಜರ್ನಲ್‌ದೂ ಅಲ್ಲಿ ಲಾಕ್ ನಂಬಿ ಕೂರಂಗಿಲ್ಲ, ಎರಡು ಕೌಂಟರ್‌ಗೆ ಎರಡು ಕಂಪ್ಯೂಟರ್ ಇದ್ರೆ ಪೋಸ್ಟ್‌ಗ್ರೆಸ್ (ಸರ್ವರಲ್ಲಿ ಓಡೋ ಡೇಟಾಬೇಸ್) ಕಡೆ ನೋಡಿ.