ಬಾಕ್ಸ್‌ನಲ್ಲಿ ಬಂದ ಎಂಟಿಬಿ (ಮೌಂಟನ್ ಬೈಕ್) ಮನೆಯಲ್ಲೇ ಫಿಟ್ ಮಾಡ್ತೀರಾ? ಎಡ ಪೆಡಲ್, ಉಲ್ಟಾ ಫೋರ್ಕ್ ನೋಡಿಕೊಳ್ಳಿ

ಹೊಸ ಸೈಕಲ್, ಬಾಕ್ಸ್ ಬಿಚ್ಚಿ ವಾರವೂ ಆಗಿಲ್ಲ. ಏರಿನಲ್ಲಿ ಎದ್ದುನಿಂತು ತುಳಿಯುವಾಗ ಎಡಗಡೆ ಪೆಡಲ್ ಕಿತ್ತುಬಂತು. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕಿನ ತೂತಿನಲ್ಲಿ ಥ್ರೆಡ್ಡೇ ಉಳಿದಿಲ್ಲ, ಪೆಡಲಿನ ಆಕ್ಸಲ್ ಮೇಲೆ ಅಲ್ಯೂಮಿನಿಯಂ ಚೂರು ಸುರುಳಿ ಸುತ್ತಿಕೊಂಡಿದೆ. ಮಾರಿದವರು ‘ತಪ್ಪು ಫಿಟ್ಟಿಂಗ್, ವಾರಂಟಿ ಬರಲ್ಲ’ ಅಂದರು. ಬೇಸರದ ಉತ್ತರವೇ, ಆದರೆ ನಿಯಮ ಹೆಚ್ಚುಕಡಿಮೆ ಎಲ್ಲ ಕಂಪನಿಯದ್ದೂ ಅದೇ.

ಆನ್‌ಲೈನಿನಲ್ಲಿ ತರಿಸಿದ ಸೈಕಲ್ ‘ಶೇ. 85 ರೆಡಿ’ ಎಂದು ಬರುತ್ತದೆ. ಬಾಕಿ ಇರುವುದು ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್, ಸೀಟು. ಕೆಲಸ ಕಷ್ಟದ್ದಲ್ಲ. ತಪ್ಪಾಗಿ ಜೋಡಿಸಿದರೂ ಸೈಕಲ್ ನಾಲ್ಕು ದಿನ ಓಡುತ್ತದೆ, ಅಪಾಯ ಇರುವುದೇ ಅಲ್ಲಿ.

ಎಡ ಪೆಡಲಿನ ಥ್ರೆಡ್ ಉಲ್ಟಾ. ತುಳಿಯುತ್ತ ತುಳಿಯುತ್ತ ಪೆಡಲ್ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ಆಕ್ಸಲ್ ತುದಿಯಲ್ಲಿ ಎಲ್, ಆರ್ ಅಕ್ಷರ ಕೊರೆದಿರುತ್ತದೆ. ಚೈನ್ ಇರುವ ಕಡೆ ಬಲ. ಪೆಡಲಿನ ಆಕ್ಸಲ್ ಉಕ್ಕು, ಕ್ರ್ಯಾಂಕ್ ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದಲುಬದಲಾದ ಪೆಡಲನ್ನು ಸ್ಪ್ಯಾನರ್ ಹಾಕಿ ಒತ್ತಿದರೆ ಕ್ರ್ಯಾಂಕೇ ಸೋಲುತ್ತದೆ. ಹಾಗಾಗಿ ಥ್ರೆಡ್ಡಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಮೊದಲ ನಾಲ್ಕೈದು ಸುತ್ತು ಬರಿಗೈಯಲ್ಲೇ ಹಾಕಿ. ಬಲದ್ದು ಗಡಿಯಾರದ ದಿಕ್ಕಿಗೆ, ಎಡದ್ದು ಅದರ ವಿರುದ್ಧ. ಕೈಯಲ್ಲಿ ಹೋಗದಿದ್ದರೆ ಬಿಚ್ಚಿ ಮತ್ತೆ ನೇರ ಹಿಡಿದು ಶುರುಮಾಡಿ. ಕೊನೆಯಲ್ಲಿ 15 ಎಂಎಂ ಸ್ಪ್ಯಾನರಿನಲ್ಲಿ ಗಟ್ಟಿ ಬಿಗಿ, ಸುಮಾರು 35–40 ನ್ಯೂಟನ್ ಮೀಟರ್ (ಬಿಗಿತದ ಅಳತೆ). ಬಾಕ್ಸ್‌ನಲ್ಲಿ ಕೊಡುವ ತಗಡಿನ ಸ್ಪ್ಯಾನರ್ ಇದಕ್ಕೆ ಸಾಲದು. ಎಡ ಕ್ರ್ಯಾಂಕ್ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಬಲಗಡೆಯದು ಹೋದರೆ ಹಲ್ಲುಚಕ್ರದ ಸಮೇತ ಪೂರಾ ಸೆಟ್ಟಿನ ಖರ್ಚು ಬೀಳುವುದೇ ಹೆಚ್ಚು.

ಇದಕ್ಕಿಂತ ಕೆಟ್ಟದ್ದು ಉಲ್ಟಾ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲು ಹಿಂದುಮುಂದಾಗುವುದು. ಬಾಕ್ಸ್‌ನಲ್ಲಿ ಜಾಗ ಉಳಿಸಲು ಫೋರ್ಕನ್ನು ಹಿಂದಕ್ಕೆ ತಿರುಗಿಸಿ ಪ್ಯಾಕ್ ಮಾಡಿರುತ್ತಾರೆ. ಅದನ್ನು ನೋಡದೆ ಹಾಗೆಯೇ ಹ್ಯಾಂಡಲ್ ಕೂರಿಸುತ್ತಾರೆ. ಆಗ ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಪ್ಯಾಡ್ ಇರುವ, ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಬಲಗಡೆಗೆ ಬರುತ್ತದೆ, ಚಕ್ರದ ಡಿಸ್ಕ್ ಎಡಗಡೆ ಇರುತ್ತದೆ. ಕೂಡುತ್ತಿಲ್ಲವಲ್ಲ ಎಂದು ಚಕ್ರವನ್ನೂ ತಿರುಗಿಸಿ ಹಾಕುತ್ತಾರೆ, ಎಲ್ಲ ಸರಿಯಾಗಿ ಕೂತುಬಿಡುತ್ತದೆ! ಬ್ರೇಕೂ ಹಿಡಿಯುತ್ತದೆ. ಆದರೆ ಮುಂದಿನ ಚಕ್ರ ಸುಮಾರು ಎಂಟು ಸೆಂಟಿಮೀಟರ್ ಹಿಂದೆ ಸರಿದಿರುತ್ತದೆ. ತಿರುವಿನಲ್ಲಿ ಕಾಲ್ಬೆರಳು ಟೈರಿಗೆ ತಾಗುತ್ತದೆ, ಇಳಿಜಾರಿನಲ್ಲಿ ಮುಗ್ಗರಿಸುವ ಸಾಧ್ಯತೆಯೂ ಹೆಚ್ಚು. ಗುರುತು ಸುಲಭ: ಕೂತವರ ಎಡಗಡೆ, ಫೋರ್ಕಿನ ಹಿಂಬದಿಯಲ್ಲಿ ಕ್ಯಾಲಿಪರ್ ಇರಬೇಕು. ಬ್ರೇಕ್ ಕೇಬಲ್ ಫ್ರೇಮಿನ ಕತ್ತಿಗೆ ಸುತ್ತಿಕೊಂಡಿದ್ದರೆ ಒಂದು ಸುತ್ತು ಜಾಸ್ತಿ ತಿರುಗಿಸಿದ್ದೀರಿ ಎಂದರ್ಥ. ಫೋರ್ಕಿನ ಕೆಳತುದಿಗಳ ನಡುವೆ ಇಟ್ಟಿರುವ ಪ್ಲಾಸ್ಟಿಕ್ ತುಂಡನ್ನೂ, ಬ್ರೇಕ್ ಪ್ಯಾಡ್ ನಡುವಿನದನ್ನೂ ತೆಗೆಯಬೇಕು. ಹೈಡ್ರಾಲಿಕ್ ಬ್ರೇಕಾದರೆ ಆ ತುಂಡು ತೆಗೆದ ಮೇಲೆ, ಚಕ್ರ ಹಾಕುವ ಮೊದಲು ಲಿವರ್ ಒತ್ತಬೇಡಿ. ಒತ್ತಿದರೆ ಪ್ಯಾಡನ್ನು ತಳ್ಳುವ ಪಿಸ್ಟನ್ ಮುಂದೆ ಬಂದು ಡಿಸ್ಕಿಗೆ ಜಾಗವೇ ಇರುವುದಿಲ್ಲ. ಡಿಸ್ಕಿಗೆ ಎಣ್ಣೆ, ಡಬ್ಲ್ಯುಡಿ-40 ಯಾವುದೂ ತಾಗಬಾರದು. ಪ್ಯಾಡ್ ಎಣ್ಣೆ ಹೀರಿಕೊಂಡರೆ ಬದಲಿಸುವುದೇ ಗತಿ.

ಹ್ಯಾಂಡಲ್ ವಿಷಯದಲ್ಲಿ ಕ್ರಮ ಮುಖ್ಯ. ಹ್ಯಾಂಡಲಿನ ಬುಡದಲ್ಲಿ ಪಕ್ಕಕ್ಕೆ ಎರಡು ಬೋಲ್ಟ್ ಇರುವ ಮಾದರಿಯಲ್ಲಿ, ನೆತ್ತಿಯ ಮೇಲಿರುವ ಬೋಲ್ಟ್ ಹ್ಯಾಂಡಲನ್ನು ಹಿಡಿಯುವುದಿಲ್ಲ, ಅಲುಗಾಟ ತೆಗೆಯುವುದಷ್ಟೇ ಅದರ ಕೆಲಸ. ಪಕ್ಕದ ಬೋಲ್ಟ್ ಸಡಿಲವಿದ್ದಾಗಲೇ ನೆತ್ತಿಯದನ್ನು ಹಗುರವಾಗಿ ಬಿಗಿಸಿ, ಹ್ಯಾಂಡಲ್ ನೇರ ಮಾಡಿ, ಆಮೇಲೆ ಪಕ್ಕದ ಎರಡನ್ನೂ ಒಂದೊಂದಾಗಿ ಸ್ವಲ್ಪ ಸ್ವಲ್ಪವೇ 5–6 ನ್ಯೂಟನ್ ಮೀಟರಿಗೆ ಬಿಗಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಆಡಿಸಿ; ಫೋರ್ಕ್ ಫ್ರೇಮಿಗೆ ಸೇರುವಲ್ಲಿ ಬೆರಳಿಟ್ಟರೆ ‘ಟಕ್’ ಅನ್ನಬಾರದು. ಹ್ಯಾಂಡಲ್ ಸರಳನ್ನು ಹಿಡಿಯುವ ಮುಂಭಾಗದ ನಾಲ್ಕು ಬೋಲ್ಟನ್ನು ಅಡ್ಡಡ್ಡಲಾಗಿ ಬಿಗಿಸಿದರೆ ಮೇಲೆ ಕೆಳಗೆ ಸಂದು ಸಮ ಬರುತ್ತದೆ. ಸೀಟಿನ ಕಂಬದ ಮೇಲೆ ಗುರುತಿಸಿರುವ ಕನಿಷ್ಠ ಆಳದ ಗೆರೆ ಫ್ರೇಮಿನೊಳಗೆ ಮುಳುಗಿರಲಿ.

ಕಂಪನಿಯವರು ಜೋಡಿಸಿದ ಆ 85ನ್ನೂ ನಂಬಬೇಡಿ. ಹಿಂದಿನ ಗೇರ್ ಬದಲಿಸುವ ಡೀರೇಲರ್ ಸಾಗಾಣಿಕೆಯಲ್ಲಿ ಒಳಕ್ಕೆ ಬಾಗಿರುವುದು ಸಾಮಾನ್ಯ. ಹಿಂಚಕ್ರ ಎತ್ತಿ ಪೆಡಲ್ ತಿರುಗಿಸುತ್ತ ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ. ಚೈನ್ ಸ್ಪೋಕಿನ ಕಡೆ ಹಾರಿದರೆ, ಡೀರೇಲರ್ ಸ್ಪೋಕಿಗೆ ತಾಗಿದರೆ ಓಡಿಸಲೇಬೇಡಿ, ಅಂಗಡಿಗೆ ಒಯ್ಯಿರಿ. ಅಲ್ಲಿ ಕೊಡುವ ನಾಲ್ಕು ಕಾಸು ಹೊಸ ಚಕ್ರಕ್ಕಿಂತ ಅಗ್ಗ. ಹೊಸ ಡಿಸ್ಕ್ ಬ್ರೇಕ್ ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಿಂದ ನಡಿಗೆಯ ವೇಗಕ್ಕೆ 15–20 ಸಲ ನಿಧಾನ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಮೊದಲ 50 ಕಿಲೋಮೀಟರ್ ಆದಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿಸಿ ನೋಡಿ, ಕ್ರ್ಯಾಂಕ್ ಬೋಲ್ಟ್ ಮೊದಲು. ಅದು ಸಡಿಲವಿದ್ದೂ ತುಳಿದರೆ ಕ್ರ್ಯಾಂಕಿನ ಚೌಕ ತೂತು ಸವೆದು ದುಂಡಗಾಗುತ್ತದೆ, ಆಮೇಲೆ ಎಷ್ಟು ಬಿಗಿಸಿದರೂ ನಿಲ್ಲುವುದಿಲ್ಲ.